ಅತ್ತೆಯ ಎಣ್ಣೆ, ನನ್ನ ಸುತ್ತಿಗೆ

ನಮ್ಮ ಕಾರಿನ ಮುಂದಿನ ಬ್ರೇಕ್ ಕಿರುಗುಟ್ಟಲು ಶುರುವಾದದ್ದು ಮೇ ತಿಂಗಳ ರಜೆಯಲ್ಲಿ. ಒಂಬತ್ತು ವರ್ಷ ಹಳೆಯ ಸಣ್ಣ ಕಾರು ಅದು. ವೇಣೂರಿನ ಮನೆಯಿಂದ ಬೆಳ್ತಂಗಡಿಗೆ ದಿನಾ ಅದರಲ್ಲಿ ಹೋಗಿ ಬರುವವರು ನನ್ನ ಗಂಡ. ಅಲ್ಲಿ ಅವರದು ಕನ್ನಡಕದ ಅಂಗಡಿ. ನಾನು ಮಿಜಾರಿನ ಹತ್ತಿರದ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ, ಓಡಾಟಕ್ಕೆ ಬಸ್ಸು. ಮನೆಯಲ್ಲಿ ಮೂರನೆಯವರು ಅತ್ತೆ.

ರಜೆಯಲ್ಲಿದ್ದ ಕಾರಣ ಕಾರನ್ನು ಮೂಡುಬಿದಿರೆಯ ಗ್ಯಾರೇಜಿಗೆ ನಾನೇ ಒಯ್ದೆ. ಗ್ಯಾರೇಜಿನವರು ಗಲ್ಫಿನ ವರ್ಕ್‌ಶಾಪಿನಲ್ಲಿ ಹತ್ತು ವರ್ಷ ದುಡಿದು ಬಂದವರು, ಕೆಲಸದಲ್ಲಿ ಕೈ ಶುದ್ಧ. ಚಕ್ರದ ಸಂದಿಗೆ ಟಾರ್ಚು ಹಾಕಿ ನೋಡಿದರು. "ಪ್ಯಾಡ್ ಮುಗಿದಿದೆ. ಡಿಸ್ಕಿನಲ್ಲಿಯೂ ಗೆರೆ ಬಿದ್ದಿದೆ, ಎರಡೂ ಬದಲಿಸಬೇಕು" ಎಂದರು. ಅಷ್ಟಕ್ಕೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. "ಸರ್‌ಗೆ ಒಂದು ಫೋನ್ ಮಾಡ್ಲಿಕ್ಕೆ ಹೇಳಿ ಟೀಚರೇ, ನಾನು ಅವರಿಗೆ ವಿವರಿಸ್ತೇನೆ" ಎಂದು ಸೇರಿಸಿದರು.

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. ವಿವರಿಸುವುದಾದರೆ ನನಗೆ ವಿವರಿಸಬಾರದೇ? ಕಾರನ್ನು ಹಿಂದೆ ತಿರುಗಿಸಿಕೊಂಡು ಬಂದೆ. ಆ ಮನುಷ್ಯ ಅಂದದ್ದರಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಈಗ ಗೊತ್ತಾಗುತ್ತದೆ. ಅಂದು ಮಾತ್ರ ಮನೆಗೆ ಬಂದವಳೇ ಘೋಷಿಸಿಬಿಟ್ಟೆ, ಈ ಕೆಲಸ ನಾನೇ ಮಾಡುತ್ತೇನೆ ಎಂದು.

"ಗ್ಯಾರೇಜಿಗೆ ಕೊಡುವ ಮಾರಾಯ್ತಿ, ಬ್ರೇಕಿನ ವಿಷಯ" ಎಂದರು ಗಂಡ.

"ಬ್ರೇಕ್ ಅಂದರೆ ಘರ್ಷಣೆ. ಘರ್ಷಣೆಯನ್ನು ನಾನು ವರ್ಷಕ್ಕೆ ನಾಲ್ಕು ಸೆಕ್ಷನ್‌ಗೆ ಪಾಠ ಮಾಡ್ತೇನೆ" ಎಂದೆ ನಾನು.

ಸುಮ್ಮನೆ ಧೈರ್ಯ ಮಾಡಿದ್ದಲ್ಲ. ಇಂಜಿನ್ ಆಯಿಲ್, ಬ್ಯಾಟರಿ, ಏರ್ ಫಿಲ್ಟರ್ ಇವೆಲ್ಲ ನಾನೇ ಬದಲಿಸಿಕೊಂಡು ಬಂದವಳು. ಕಾರಿನ ಸರ್ವಿಸ್ ಪುಸ್ತಕ ತೆಗೆದು ಓದಿದೆ, ಮೂರು ನಾಲ್ಕು ವಿಡಿಯೋ ನೋಡಿದೆ, ಹಂತಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಬಂಟ್ವಾಳಕ್ಕೆ ಹೋಗಿ ಎರಡು ಡಿಸ್ಕು, ಒಂದು ಸೆಟ್ ಪ್ಯಾಡು, ಹೊಸ ಬ್ರೇಕ್ ಆಯಿಲ್, ಬ್ರೇಕ್ ತೊಳೆಯುವ ಸ್ಪ್ರೇ ಎರಡು ಡಬ್ಬಿ ತಂದೆ. ಹೊಸ ಡಿಸ್ಕು ತುಕ್ಕು ಹಿಡಿಯದಿರಲೆಂದು ಕಂಪೆನಿಯವರು ಅದಕ್ಕೆ ತೆಳುವಾಗಿ ಎಣ್ಣೆ ಸವರಿರುತ್ತಾರೆ. ಅದನ್ನು ತೊಳೆಯದೆ ಕೂರಿಸುವಂತಿಲ್ಲ. ಶನಿವಾರ ಸಂಜೆಯೇ ಎರಡನ್ನೂ ತೊಳೆದು, ಒರೆಸಿ, ಜಗಲಿಯಲ್ಲಿ ಪೇಪರಿನ ಮೇಲೆ ಇಟ್ಟೆ. ರಾತ್ರಿ ವರ್ಷದ ಮೊದಲ ಮಳೆ ಬಂತು.

ಭಾನುವಾರ ಬೆಳಿಗ್ಗೆ ಎದ್ದು ಬರುವಾಗ ಅತ್ತೆ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರು. ಮಡಿಲಲ್ಲಿ ನನ್ನ ಹೊಸ ಡಿಸ್ಕು, ಪಕ್ಕದಲ್ಲಿ ಗೆರಟೆಯಲ್ಲಿ ತೆಂಗಿನೆಣ್ಣೆ, ಕೈಯಲ್ಲಿ ಎಣ್ಣೆಬಟ್ಟೆ. ಒಂದು ಡಿಸ್ಕು ಆಗಲೇ ಮಿರಮಿರ ಮಿಂಚುತ್ತಿತ್ತು. ಮಳೆ ಶುರುವಾಯಿತೆಂದರೆ ಮನೆಯಲ್ಲಿರುವ ಕತ್ತಿ, ಹಾರೆ, ಹೆರೆಮಣೆಯ ನಾಲಗೆ, ದೋಸೆಯ ಕಾವಲಿ, ಎಲ್ಲಕ್ಕೂ ಅತ್ತೆ ಎಣ್ಣೆಯ ಪಸೆ ಮಾಡುತ್ತಾರೆ. ಎಣ್ಣೆ ಕಾಣದ ಕಬ್ಬಿಣ ಅವರಿಗೆ ಅನ್ನ ಕಾಣದ ಮಗುವಿನ ಹಾಗೆ.

"ತುಕ್ಕು ಬರ್ತಾ ಉಂಟು ಮಗಾ. ಹೊಸತು, ಹೀಗೆ ಒಣಗಲು ಇಟ್ಟಿದ್ದೀಯಲ್ಲ" ಎಂದರು.

ನಿಜವೇ, ಥಂಡಿಗೆ ಡಿಸ್ಕಿನ ಮೇಲೆ ಕೆಂಪು ಪೊರೆ ಎದ್ದಿತ್ತು. ಅದೇನೂ ದೊಡ್ಡ ವಿಷಯ ಅಲ್ಲ, ನಾಲ್ಕು ಸಲ ಬ್ರೇಕ್ ಹಾಕಿದರೆ ತಾನೇ ಹೋಗುತ್ತದೆ. ಎಣ್ಣೆ ಹಾಗಲ್ಲ. ಪ್ಯಾಡು ಎಣ್ಣೆ ಕುಡಿಯಿತೆಂದರೆ ಬ್ರೇಕ್ ಜಾರುತ್ತದೆ. ಇದನ್ನು ಮೆಲ್ಲಗೆ ಹೇಳಬಹುದಿತ್ತು. ನಾನು ಹೇಳಿದ್ದು ಹೀಗೆ: "ಅತ್ತೆ, ಗೊತ್ತಿಲ್ಲದ ವಸ್ತುವಿಗೆ ಕೈ ಹಾಕುವುದು ಯಾಕೆ ನೀವು? ಇದಕ್ಕೆ ಎಣ್ಣೆ ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ. ನಿಮ್ಮ ಮಗನ ಜೀವ ಹೋಗ್ತದೆ."

ಪಕ್ಕದ ಮನೆಯವರು ಬೇಲಿಯ ಆಚೆಯಿಂದ ನೋಡುತ್ತಿದ್ದರು. ಅತ್ತೆ ಬಟ್ಟೆಯನ್ನು ಗೆರಟೆಗೆ ಹಾಕಿ ಎದ್ದು ಒಳಗೆ ಹೋದರು. ನಾನು ಎರಡೂ ಡಿಸ್ಕನ್ನು ಪಾತ್ರೆ ತೊಳೆಯುವ ಸೋಪಿನಲ್ಲಿ ತಿಕ್ಕಿ, ಬಿಸಿನೀರಿನಲ್ಲಿ ತೊಳೆದು, ಮತ್ತೆ ಸ್ಪ್ರೇ ಹೊಡೆದು, ಬಿಳಿ ಬಟ್ಟೆಯಲ್ಲಿ ಒರೆಸಿದೆ. ಬಟ್ಟೆಗೆ ಜಿಡ್ಡಿನ ಗುರುತು ಬೀಳದಂತಾಗುವವರೆಗೆ ಒರೆಸಿದೆ. ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಅತ್ತೆಯ ಎಣ್ಣೆ ಒಂದು ಹನಿಯೂ ಆ ಕಾರಿನ ಚಕ್ರಕ್ಕೆ ಹೋಗಲಿಲ್ಲ.

ಕೆಲಸ ಮೊದಲಿಗೆ ನೋಟ್‌ಬುಕ್ಕಿನಲ್ಲಿ ಬರೆದ ಹಾಗೆಯೇ ಸಾಗಿತು. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟೆ. ಕಾರು ನೆಲದಲ್ಲಿರುವಾಗಲೇ ಚಕ್ರದ ನಟ್ಟುಗಳನ್ನು ಸಡಿಲಿಸಿ, ಜಾಕಿಯಲ್ಲಿ ಎತ್ತಿ, ಕೆಳಗೆ ಸ್ಟ್ಯಾಂಡು ಇಟ್ಟು, ಬಲಬದಿಯ ಚಕ್ರ ಬಿಚ್ಚಿದೆ. ಡಿಸ್ಕನ್ನು ಎರಡು ಕಡೆಯಿಂದ ಕಚ್ಚಿ ಹಿಡಿಯುವ ಕ್ಯಾಲಿಪರಿನ ಬೋಲ್ಟು ತೆಗೆದು, ಅದನ್ನು ತಂತಿಯಲ್ಲಿ ಮೇಲಿನ ಸ್ಪ್ರಿಂಗಿಗೆ ತೂಗುಹಾಕಿದೆ. ಅದು ಬ್ರೇಕಿನ ರಬ್ಬರ್ ಪೈಪಿನಿಂದಲೇ ನೇತಾಡಬಾರದು. ಹೊಸ ಪ್ಯಾಡು ದಪ್ಪ ಇರುವುದರಿಂದ ಒಳಗಿನ ಪಿಸ್ಟನನ್ನು ಹಿಂದೆ ತಳ್ಳಬೇಕು. ಬ್ರೇಕ್ ಒತ್ತಿದಾಗ ಚಕ್ರ ಜಾರದಂತೆ ನೋಡಿಕೊಳ್ಳುವ ಎಬಿಎಸ್ ಇರುವ ಕಾರಿನಲ್ಲಿ ಸುಮ್ಮನೆ ತಳ್ಳಿದರೆ ಕೊಳೆಯಾದ ಆಯಿಲ್ ಹಿಂದಕ್ಕೆ ಹೋಗಿ ಆ ಯಂತ್ರದ ಒಳಗೆ ಸೇರುವ ಅಪಾಯ ಉಂಟು. ಆದ್ದರಿಂದ ಕ್ಯಾಲಿಪರಿನ ಸಣ್ಣ ನಿಪ್ಪಲ್ಲಿಗೆ ಪ್ಲಾಸ್ಟಿಕ್ ನಳಿಗೆ ಸಿಕ್ಕಿಸಿ, ಅದನ್ನು ಸ್ವಲ್ಪ ತೆರೆದು, ಪಿಸ್ಟನ್ ತಳ್ಳುವಾಗ ಹಳೆ ಆಯಿಲ್ ಬಾಟಲಿಗೆ ಬೀಳುವ ಹಾಗೆ ಮಾಡಿದೆ. ಆಯಿಲ್ ಚಹಾದ ಡಿಕಾಕ್ಷನಿನ ಬಣ್ಣಕ್ಕೆ ತಿರುಗಿತ್ತು. ಅದನ್ನು ನೋಡಿ ನನ್ನ ಬಗ್ಗೆ ನನಗೇ ಹೆಮ್ಮೆಯಾಯಿತು. ಇಷ್ಟು ನಾಜೂಕು ಯಾವ ಗ್ಯಾರೇಜಿನವರು ಮಾಡುತ್ತಾರೆ ಅಂದುಕೊಂಡೆ.

ಹಳೆಯ ಡಿಸ್ಕು ಕಚ್ಚಿ ಕೂತಿತ್ತು. ಒಂಬತ್ತು ಮಳೆಗಾಲದ ತುಕ್ಕು, ಅಲುಗಲಿಲ್ಲ. ತುಕ್ಕು ಬಿಡಿಸುವ ದ್ರಾವಣ ಹೊಡೆದು ಅರ್ಧ ಗಂಟೆ ಕಾದೆ. ರಬ್ಬರ್ ಸುತ್ತಿಗೆಯಲ್ಲಿ ಬಡಿದೆ. ಕೊನೆಗೆ ತೆಂಗಿನಕಾಯಿ ಸುಲಿಯುವ ಕಬ್ಬಿಣದ ಪಕ್ಕದಲ್ಲಿದ್ದ ದೊಡ್ಡ ಸುತ್ತಿಗೆ ತಂದು ಹಿಂದಿನಿಂದ ಬೀಸಿದೆ. ಗಂಡ ಎರಡು ಸಲ ಬಂದು ಇಣುಕಿ ಹೋಗಿದ್ದರು. ಮೂರನೆಯ ಸಲ "ಆ ಗ್ಯಾರೇಜಿನವರನ್ನು ಕರೆಯುವನಾ?" ಎಂದರು. ಅದೇ ಸಿಟ್ಟಿನಲ್ಲಿ ಬೀಸಿದ ಪೆಟ್ಟು ಡಿಸ್ಕಿನ ಅಂಚಿನಿಂದ ಜಾರಿ ಹಿಂದೆ ಎಲ್ಲಿಗೋ ಬಿತ್ತು. ಚಟ್ ಎಂದು ಸಣ್ಣ ಸದ್ದು. ಮುಂದಿನ ಪೆಟ್ಟಿಗೆ ಡಿಸ್ಕು ಕಳಚಿ ಬಂತು, ನಾನು ಆ ಸದ್ದನ್ನು ಮರೆತೆ.

ಎಡಬದಿಗೆ ಹೋದಾಗ ನೋಡುತ್ತೇನೆ, ಡಿಸ್ಕಿನಲ್ಲೇ ತಿರುಪು ಇರುವ ಎರಡು ತೂತುಗಳಿವೆ. ಅವಕ್ಕೆ ಬೋಲ್ಟು ಹಾಕಿ ಬಿಗಿ ಮಾಡುತ್ತ ಹೋದರೆ ಡಿಸ್ಕು ತಾನಾಗಿ ಈಚೆ ಬರುತ್ತದೆ. ಎಡಬದಿಯದು ಹತ್ತು ನಿಮಿಷದಲ್ಲಿ ಬಂತು, ಸುತ್ತಿಗೆ ಮುಟ್ಟಲೇ ಇಲ್ಲ. ಬಲಬದಿಯಲ್ಲಿ ಆ ತೂತುಗಳ ಮೇಲೆ ತುಕ್ಕು ಮುಚ್ಚಿತ್ತು, ನಾನು ಕೆರೆದು ನೋಡುವಷ್ಟು ತಾಳ್ಮೆ ತೋರಿಸಿರಲಿಲ್ಲ.

ಎಲ್ಲ ಕೂರಿಸಿ, ನಿಪ್ಪಲ್ ಬಿಗಿದು, ಹೊಸ ಆಯಿಲ್ ತುಂಬಿಸಿ, ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆದೆ. ಕಾರು ಚಾಲೂ ಮಾಡುವ ಮೊದಲು ಪೆಡಲು ಗಟ್ಟಿಯಾಗುವವರೆಗೆ ಒತ್ತಿದೆ. ಸಂಜೆ ರಸ್ತೆಗೆ ತೆಗೆದು, ವೇಗ ಏರಿಸಿ ಇಳಿಸಿ, ಹತ್ತು ಸಲ ಬ್ರೇಕ್ ಹಾಕಿ ಪ್ಯಾಡುಗಳನ್ನು ಪಳಗಿಸಿದೆ. ಬ್ರೇಕ್ ಬಹಳ ಚೆನ್ನಾಗಿ ಹಿಡಿಯುತ್ತಿತ್ತು. ಹಿಂದೆ ಬರುವಾಗ ಮೀಟರಿನ ಮೂಲೆಯಲ್ಲಿ ಎಬಿಎಸ್‌ನ ಹಳದಿ ದೀಪ ಹೊತ್ತಿಕೊಂಡಿತು. ಆರಿಸಿ ಚಾಲೂ ಮಾಡಿದರೂ ಹೋಗಲಿಲ್ಲ.

ಮನೆಗೆ ಬಂದು ಬಲಚಕ್ರದ ಹಿಂದೆ ಟಾರ್ಚು ಹಾಕಿದೆ. ಚಕ್ರ ಎಷ್ಟು ವೇಗದಲ್ಲಿ ತಿರುಗುತ್ತಿದೆ ಎಂದು ತಿಳಿಸುವ ಹೆಬ್ಬೆರಳಿನಷ್ಟು ದೊಡ್ಡ ಸೆನ್ಸರಿನ ತಲೆ ಬಿರುಕು ಬಿಟ್ಟಿತ್ತು. ಚಟ್ ಎಂದದ್ದು ಅದೇ. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ನಿಂತು ಜಾರದಂತೆ, ಹಿಡಿದು ಬಿಟ್ಟು ಹಿಡಿದು ಬಿಟ್ಟು ಮಾಡುವುದು ಎಬಿಎಸ್. ಹಾಗೆ ಮಾಡುವುದರಿಂದಲೇ ಬ್ರೇಕ್ ಒತ್ತಿರುವಾಗಲೂ ಸ್ಟೇರಿಂಗ್ ಮಾತು ಕೇಳುತ್ತದೆ. ಸೆನ್ಸರ್ ಇಲ್ಲದಿದ್ದರೆ ಬ್ರೇಕ್ ಇರುತ್ತದೆ, ಈ ರಕ್ಷಣೆ ಇರುವುದಿಲ್ಲ. ನಾನು ಬೋರ್ಡಿನ ಮೇಲೆ ಚಿತ್ರ ಬರೆದು ಮಕ್ಕಳಿಗೆ ಹೇಳುವ ವಿಷಯ ಇದು.

ಬಂಟ್ವಾಳದ ಅಂಗಡಿಗೆ ಫೋನ್ ಮಾಡಿದೆ. ಮಂಗಳೂರಿನಿಂದ ಬರಬೇಕು, ನಾಲ್ಕು ದಿನ ಎಂದರು. ಮೂಡುಬಿದಿರೆಯ ಬಸ್ಸಿನಲ್ಲಿ ಕಳಿಸಲು ಹೇಳಿದೆ.

ಸೋಮವಾರ ಬೆಳಿಗ್ಗೆ ಗಂಡ ಕಾರು ಹೊರತೆಗೆಯುವಾಗ "ಇದೆಂಥ ಹಳದಿ ಲೈಟು?" ಎಂದು ಕೇಳಿದರು.

"ಹೊಸ ಪ್ಯಾಡ್ ಅಲ್ವಾ, ಡಿಸ್ಕಿಗೆ ಹೊಂದಿಕೊಳ್ಳುವವರೆಗೆ ಉರೀತದೆ. ನಾಲ್ಕು ದಿನದಲ್ಲಿ ಹೋಗ್ತದೆ" ಎಂದೆ.

ಎಷ್ಟು ಸರಾಗವಾಗಿ ಹೇಳಿದೆ. ನನಗೆ ಗೊತ್ತಿಲ್ಲದೆ ಹೇಳಿದ್ದಲ್ಲ, ಬಾಯಿ ತಪ್ಪಿ ಬಂದದ್ದಲ್ಲ. ಭಾನುವಾರ ಮೂರು ಸಲ ಇಣುಕಿದ ಮನುಷ್ಯನ ಮುಂದೆ ಸೋಲಲು ಮನಸ್ಸಾಗಲಿಲ್ಲ, ಅಷ್ಟೇ. ನಾಲ್ಕು ದಿನದಲ್ಲಿ ಸೆನ್ಸರ್ ಬರುತ್ತದೆ, ಅವರು ಕಾಣದ ಹಾಗೆ ಬದಲಿಸಿದರಾಯಿತು ಎಂಬ ಲೆಕ್ಕ. ಅವರು ನಂಬಿದರು. ಫಿಸಿಕ್ಸ್ ಟೀಚರ್ ಹೇಳಿದ ಮೇಲೆ ಕನ್ನಡಕದ ಅಂಗಡಿಯವರು ನಂಬದೆ ಏನು ಮಾಡುತ್ತಾರೆ?

ಆ ವಾರವೇ ರಜೆ ಮುಗಿದು ಕಾಲೇಜು ತೆರೆದಿತ್ತು. ಗುರುವಾರ ಕಾಲೇಜು ಮುಗಿಸಿ ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ ಸೆನ್ಸರಿನ ಪೊಟ್ಟಣ ತೆಗೆದುಕೊಂಡು ಚೀಲಕ್ಕೆ ಹಾಕಿದ್ದೆ. ವೇಣೂರಿಗೆ ಬರುವ ಬಸ್ಸಿನಲ್ಲಿರುವಾಗ ಫೋನ್ ಬಂತು. ಮಳೆಯಲ್ಲಿ, ಗುರುವಾಯನಕೆರೆ ದಾಟಿದ ಮೇಲಿನ ಒಂದು ತಿರುವಿನಲ್ಲಿ, ಕಾರು ಕೆಂಪುಕಲ್ಲಿನ ಕಂಪೌಂಡಿಗೆ ಗುದ್ದಿತ್ತು. ಗಂಡ ಬೆಳ್ತಂಗಡಿಯ ಆಸ್ಪತ್ರೆಯಲ್ಲಿದ್ದರು. ಬಲಗೈಯ ಮಣಿಕಟ್ಟು ಮುರಿದಿತ್ತು, ಹಣೆಗೆ ಹೊಲಿಗೆ ಬಿದ್ದಿತ್ತು. ಅವರ ಕೆಲಸವೆಲ್ಲ ಆ ಬಲಗೈಯದು. ಗಾಜು ಉಜ್ಜಬೇಕು, ಸೂಜಿಯ ಮೊನೆಯಷ್ಟಿರುವ ಸ್ಕ್ರೂ ಕೂರಿಸಬೇಕು. ಬೆರಳುಗಳು ಮೊದಲಿನ ಹಾಗೆ ಆಡುತ್ತವೆಯೋ ಇಲ್ಲವೋ ಪ್ಲಾಸ್ಟರ್ ತೆಗೆದ ಮೇಲೆಯೇ ಗೊತ್ತಾಗುವುದು ಎಂದರು ಡಾಕ್ಟರು.

"ದನ ಅಡ್ಡ ಬಂತು" ಎಂದರು ಗಂಡ. "ಬ್ರೇಕ್ ಒತ್ತಿದೆ. ಚಕ್ರ ನಿಂತಿತು ಮಾರಾಯ್ತಿ, ಕಾರು ನಿಲ್ಲಲಿಲ್ಲ. ಸ್ಟೇರಿಂಗ್ ತಿರುಗಿಸಿದೆ, ಕಾರು ತಿರುಗಲೇ ಇಲ್ಲ. ಸೀದಾ ಹೋಯಿತು."

ಎಣ್ಣೆ ತಾಗಿದ ಬ್ರೇಕಾಗಿದ್ದರೆ ಚಕ್ರ ನಿಲ್ಲುತ್ತಿರಲಿಲ್ಲ. ಚಕ್ರ ನಿಂತದ್ದಕ್ಕೇ ಕಾರು ಜಾರಿದ್ದು. ಅವರು ಹೇಳಿ ಮುಗಿಸುವ ಮೊದಲೇ ನನಗೆ ಅರ್ಥವಾಯಿತು. ಎಬಿಎಸ್ ಇದ್ದರೂ ಗುದ್ದುತ್ತಿತ್ತೋ ಏನೋ ಎಂದು ಆಮೇಲೆ ನನ್ನನ್ನು ನಾನು ಸಮಾಧಾನ ಮಾಡಿಕೊಳ್ಳಲು ನೋಡಿದ್ದುಂಟು. ಆ ಕ್ಷಣದಲ್ಲಿ ಅಂಥ ಸಂಶಯ ಇರಲಿಲ್ಲ.

ಹೊರಗಿನ ಬೆಂಚಿನಲ್ಲಿ ಅತ್ತೆ ಕೂತಿದ್ದರು, ಪಕ್ಕದ ಮನೆಯವರು ರಿಕ್ಷಾದಲ್ಲಿ ಕರೆತಂದಿದ್ದರು. ನಾನು ಪಕ್ಕದಲ್ಲಿ ಕೂತೆ. ಅತ್ತೆ ಬಹಳ ಹೊತ್ತು ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು. ಆಮೇಲೆ ಕೇಳಿದರು, "ನಾನು ಎಣ್ಣೆ ಹಾಕಿದ್ದರಿಂದಲಾ ಮಗಾ?"

ಸೆನ್ಸರಿನ ಪೊಟ್ಟಣ ನನ್ನ ಮಡಿಲಿನ ಚೀಲದಲ್ಲಿತ್ತು. "ಈಗ ಆ ಮಾತು ಯಾಕೆ ಅತ್ತೆ, ಸುಮ್ಮನಿರಿ" ಎಂದೆ. ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ. ಅವರು ಅದನ್ನು ಹೌದು ಎಂದೇ ತೆಗೆದುಕೊಂಡರು. ತೆಗೆದುಕೊಳ್ಳುತ್ತಾರೆಂದು ನನಗೆ ಗೊತ್ತಿತ್ತು.

ಆಮೇಲಿನ ದಿನಗಳಲ್ಲಿ ಮನೆಗೆ ನೋಡಲು ಬಂದವರಿಗೆಲ್ಲ ಅತ್ತೆ ತಾವೇ ಹೇಳಿದರು, "ನನ್ನ ಕೈಯಿಂದ ಆದದ್ದು." ನಾನು ಚಾ ತಂದುಕೊಟ್ಟು ಒಳಗೆ ಹೋಗುತ್ತಿದ್ದೆ. ಬೇಲಿಯ ಆಚೆಯವರು ಒಂದು ದಿನ ತಮಾಷೆಗೆ, "ಅಜ್ಜಿ ಕಾರನ್ನೇ ಕಾವಲಿ ಮಾಡಿ ದೋಸೆ ಹೊಯ್ಯಲು ಹೊರಟದ್ದಲ್ವಾ" ಎಂದರು. ಎಲ್ಲರೂ ನಕ್ಕರು, ಅತ್ತೆಯೂ ನಗಲು ನೋಡಿದರು. ಅಂದಿನಿಂದ ಅವರು ಜಗಲಿಗೆ ಬರುವುದನ್ನೇ ಬಿಟ್ಟರು. ಮಗನ ಕೈ ಸರಿಯಾಗುವವರೆಗೆ ಎಲೆಯಡಿಕೆ ಮುಟ್ಟುವುದಿಲ್ಲವೆಂದು ಹರಕೆ ಹೇಳಿಕೊಂಡರು. ಮದುವೆಯಾಗಿ ಬಂದಂದಿನಿಂದ ಎಲೆಯಡಿಕೆ ಇಲ್ಲದ ಆ ಬಾಯಿಯನ್ನು ನಾನು ನೋಡಿದವಳಲ್ಲ. ಅಡುಗೆಮನೆಯಲ್ಲಿ ಏನು ತೆಗೆಯಬೇಕಾದರೂ "ಇದನ್ನು ಮುಟ್ಟಬಹುದಾ ಮಗಾ?" ಎಂದು ನನ್ನನ್ನು ಕೇಳತೊಡಗಿದರು. ಬೈದಿದ್ದರೆ ಸಹಿಸಬಹುದಿತ್ತು, ಇದನ್ನು ಸಹಿಸಲಾಗುತ್ತಿರಲಿಲ್ಲ. ಆದರೂ ನಾನು ಬಾಯಿ ಬಿಡಲಿಲ್ಲ. ಯಾಕೆ ಎಂದರೆ ನಾಚಿಕೆ. ಮೊದಲ ದಿನದ ನಾಚಿಕೆ ಎರಡನೆಯ ದಿನಕ್ಕೆ ಎರಡರಷ್ಟಾಯಿತು, ಹತ್ತನೆಯ ದಿನಕ್ಕೆ ಹೇಳುವುದು ಹೇಗೆಂದೇ ತಿಳಿಯದ ಹಾಗಾಯಿತು.

ಕಾರನ್ನು ಎಳೆದುಕೊಂಡು ಹೋದದ್ದು ಮೂಡುಬಿದಿರೆಯ ಅದೇ ಗ್ಯಾರೇಜಿಗೆ. ನೋಡಲು ಹೋದಾಗ ಗ್ಯಾರೇಜಿನವರು ಬಲಚಕ್ರ ಬಿಚ್ಚಿಟ್ಟಿದ್ದರು. "ಪ್ಯಾಡ್, ಡಿಸ್ಕ್ ಕೂರಿಸಿದ್ದು ಯಾರು?" ಎಂದರು.

"ನಾನೇ."

"ಕೆಲಸ ಚೆನ್ನಾಗಿದೆ. ಎಣ್ಣೆ ಗಿಣ್ಣೆ ಎಂತದ್ದೂ ಇಲ್ಲ." ಟಾರ್ಚನ್ನು ಒಳಬದಿಗೆ ತಿರುಗಿಸಿದರು. "ಸೆನ್ಸರ್ ಮಾತ್ರ ಒಡೆದಿದೆ. ಹೊಸತು ತರಿಸಬೇಕು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ. ಅವರು ಕೇಳುವ ಮೊದಲೇ ನಾನು ಚೀಲದಿಂದ ಪೊಟ್ಟಣ ತೆಗೆದು ಕೊಟ್ಟೆ. ಅದರ ಮೇಲೆ ಬಸ್ಸಿನ ಚೀಟಿ ಅಂಟಿಸಿತ್ತು, ಅಪಘಾತದ ದಿನದ್ದು. ಅವರು ಚೀಟಿ ನೋಡಿದರು, ನನ್ನನ್ನು ನೋಡಿದರು.

"ಗುದ್ದಿದ ಪೆಟ್ಟಿಗೆ ಒಡೆದದ್ದು ಅಂತ ಹೇಳಿದರೆ ಯಾರೂ ಮತ್ತೆ ಪ್ರಶ್ನೆ ಕೇಳುವುದಿಲ್ಲ ಟೀಚರೇ" ಎಂದರು ಮೆಲ್ಲಗೆ. "ನಾನಾಗಿ ಸರ್ ಹತ್ತಿರ ಎಂತದ್ದೂ ಹೇಳುವುದಿಲ್ಲ. ಆದರೆ ಸರ್ ನಿನ್ನೆ ಫೋನಿನಲ್ಲಿ, ಅಮ್ಮ ಎಣ್ಣೆ ಹಾಕಿದ್ದರಿಂದ ಹೀಗಾಯಿತಾ ಅಂತ ಕೇಳಿದರು. ನೋಡಿ ಹೇಳ್ತೇನೆ ಅಂದಿದ್ದೇನೆ. ಎಣ್ಣೆ ಇಲ್ಲ ಅಂತ ನಾನು ಹೇಳಲೇಬೇಕಲ್ಲ? ಅದೊಂದು ಸುಳ್ಳು ನನ್ನಿಂದ ಆಗುವುದಿಲ್ಲ."

ಅವರು ನನ್ನನ್ನು ಹೆದರಿಸಲಿಲ್ಲ, ಉಪದೇಶ ಮಾಡಲಿಲ್ಲ. ಅದೇ ನನಗೆ ಹೆಚ್ಚು ತಾಗಿತು. "ನಾನೇ ಹೇಳ್ತೇನೆ, ಎರಡು ದಿನ ಕೊಡಿ" ಎಂದು ಬಂದೆ. ಬಂದವಳು ಅಂದೂ ಹೇಳಲಿಲ್ಲ.

ನಮ್ಮ ಮನೆಯಲ್ಲಿ ಮಳೆಗಾಲದಲ್ಲೂ ತಿಂಗಳ ಸಂಕ್ರಮಣಕ್ಕೆ ಮನೆಯ ದೈವಕ್ಕೆ ಹೂ ನೀರು ಇಡುವುದನ್ನು ತಪ್ಪಿಸುವುದಿಲ್ಲ. ಸಂಕ್ರಮಣದ ಹಿಂದಿನ ಸಂಜೆ ಅತ್ತೆ ಒಂದು ಬಿಳಿ ಬಟ್ಟೆಯ ತುಂಡನ್ನು ಅರಸಿನ ನೀರಿನಲ್ಲಿ ಅದ್ದಿ ಒಲೆಯ ಹತ್ತಿರ ಒಣಗಲು ಹಾಕುತ್ತಿದ್ದರು. ಏನೆಂದು ಕೇಳಿದೆ.

"ತಪ್ಪು ಕಾಣಿಕೆ ಕಟ್ಟಿಡ್ತೇನೆ ಮಗಾ. ನನ್ನಿಂದ ಆದ ತಪ್ಪು, ನಾನೇ ಒಪ್ಪಿಸಬೇಕಲ್ಲ."

ದೈವದ ಮುಂದೆ ಯಾರೂ ಸುಳ್ಳು ಹೇಳುವುದಿಲ್ಲ, ನಮ್ಮ ಕಡೆಯ ಕಟ್ಟು ಅದು. ನಾಳೆ ಈ ಹೆಂಗಸು ಕೈಮುಗಿದು ನಿಂತು, ತಾನು ಮಾಡದ ತಪ್ಪನ್ನು ಮಾಡಿದೆ ಎಂದು ಒಪ್ಪಿಕೊಳ್ಳುತ್ತಾಳೆ. ನಾನು ಹಿಂದೆ ದೀಪ ಹಿಡಿದು ನಿಂತಿರುತ್ತೇನೆ. ಇನ್ನು ಸಾಧ್ಯವಿಲ್ಲ ಅನಿಸಿತು. ಸೀದಾ ಕೋಣೆಗೆ ಹೋಗಿ ಗಂಡನಿಗೆ ಹೇಳಿದೆ. ಸುತ್ತಿಗೆ, ಸೆನ್ಸರ್, ಹಳದಿ ದೀಪ, ಪೊಟ್ಟಣ, ಯಾವುದನ್ನೂ ಬಿಡದೆ ಹೇಳಿದೆ.

ಅವರು ಪ್ಲಾಸ್ಟರಿನ ಕೈಯನ್ನು ಮಡಿಲಿಗೆ ಎತ್ತಿಟ್ಟುಕೊಂಡರು. "ನಾನು ಕೇಳಿದ್ದೆ ಆ ಲೈಟಿನ ಬಗ್ಗೆ" ಎಂದರು.

"ಹೌದು."

"ಹಾಳಾಗಿದೆ ಅಂತ ಹೇಳಿದ್ದರೆ ನಾಲ್ಕು ದಿನ ಬಸ್ಸಿನಲ್ಲಿ ಹೋಗ್ತಿದ್ದೆ. ನಗ್ತಿದ್ದೆ, ಅಷ್ಟೇ." ಆಮೇಲೆ ಹೇಳಿದರು, "ಅಮ್ಮನಿಗೆ ನಾನು ಹೇಳುವುದಿಲ್ಲ. ನೀನೇ ಹೇಳು."

ಸಂಕ್ರಮಣದ ಬೆಳಿಗ್ಗೆ ಅತ್ತೆ ಮಿಂದು ಬಂದು ದೈವದ ಕೋಣೆಯಲ್ಲಿ ಮಣೆಯ ಮುಂದೆ ಕೇಪಳದ ಹೂ, ನೀರು ಇಟ್ಟರು. ಹಳದಿ ಬಟ್ಟೆಯಲ್ಲಿ ನಾಣ್ಯ ಇಟ್ಟು ಗಂಟು ಹಾಕಲು ಹೊರಟಾಗ ನಾನು ಪಕ್ಕದಲ್ಲಿ ಕೂತೆ.

"ಕಟ್ಟಬೇಡಿ ಅತ್ತೆ. ನಿಮ್ಮ ಎಣ್ಣೆಯಿಂದ ಆದದ್ದಲ್ಲ. ಅದನ್ನು ನಾನು ತೊಳೆದು ತೆಗೆದಿದ್ದೆ. ನನ್ನ ಸುತ್ತಿಗೆ ತಾಗಿ ಒಂದು ಭಾಗ ಒಡೆದಿತ್ತು. ಅದು ಗೊತ್ತಿದ್ದೂ ಕಾರು ಕೊಟ್ಟೆ. ಕೇಳಿದ್ದಕ್ಕೆ ಸುಳ್ಳು ಹೇಳಿದೆ."

ಅತ್ತೆ ಬಟ್ಟೆಯನ್ನು ಬೆರಳಲ್ಲಿ ಹಾಗೆಯೇ ಹಿಡಿದಿದ್ದರು. ಅಳುತ್ತಾರೆ ಅಂದುಕೊಂಡೆ, ಅಳಲಿಲ್ಲ. ಬೈಯುತ್ತಾರೆ ಅಂದುಕೊಂಡೆ, ಅದೂ ಇಲ್ಲ.

"ಎಣ್ಣೆಯಿಂದ ಅಲ್ಲ ಅಂತ ನಿನಗೆ ಯಾವಾಗ ಗೊತ್ತಾಯಿತು?" ಎಂದು ಕೇಳಿದರು.

"ಆಸ್ಪತ್ರೆಯಲ್ಲಿಯೇ. ಅದೇ ಸಂಜೆ."

"ನಾನು ಕೇಳುವ ಮೊದಲಾ, ಕೇಳಿದ ಮೇಲಾ?"

"ಮೊದಲು."

ಅವರು ತಲೆಯಾಡಿಸಿದರು. ಹದಿನೈದು ದಿನದಲ್ಲಿ ಮೊದಲ ಸಲ ನನ್ನ ಮುಖವನ್ನು ನೇರ ನೋಡಿದರು. "ಕಾರಿನದ್ದು ಬಿಡು. ಯಾರ ಕೈಯಿಂದಲೂ ಆಗ್ತದೆ" ಎಂದರು. "ನಾನು ನಿನ್ನಲ್ಲಿ ಕೇಳಿದ್ದೆನಲ್ಲ ಮಗಾ. ಅಲ್ಲ ಅಂತ ಒಂದು ಮಾತು ಸಾಕಿತ್ತು."

ಗಂಟು ಹಾಕದ ಬಟ್ಟೆಯನ್ನು ನನ್ನ ಅಂಗೈಯಲ್ಲಿಟ್ಟು, ಗೋಡೆ ಹಿಡಿದು ಎದ್ದರು. ಬಾಗಿಲ ಹತ್ತಿರ ನಿಂತು, ತಿರುಗದೆ ಹೇಳಿದರು, "ನೀನೇ ಕಟ್ಟಿ ಇಡು. ನನ್ನ ಹೆಸರು ಹೇಳಬೇಡ."

ನಾನು ಕಟ್ಟಿ ಮಣೆಯ ಮೇಲೆ ಇಟ್ಟೆ. ಯಾವ ತಪ್ಪು ಎಂದು ಹೇಳಬೇಕಿತ್ತು. ಕಾರಿನದ್ದು ಹೇಳಲು ಹೊರಟ ಬಾಯಿಗೆ ಆಸ್ಪತ್ರೆಯ ಆ ಬೆಂಚಿನಲ್ಲಿ ಹೇಳದೆ ಉಳಿಸಿಕೊಂಡ ಮಾತೇ ಬಂತು.